ಕಾಸರಗೋಡಿನ ಸೆಖೆಯಲ್ಲಿ ಬೆಣ್ಣೆಯ ಕ್ರೀಮ್ ರೋಲ್: ಪದರ ಏಳುವ ಹಾಗೆ ಮಾಡುವ ಕ್ರಮ

ಕೇಕ್ ಕೈಗೆ ಹತ್ತಿದ ಮೇಲೆ ಎಲ್ಲರೂ ಕೈ ಹಾಕುವುದು ಪಪ್ಸ್‌ಗೆ, ಕ್ರೀಮ್ ರೋಲಿಗೆ. ಸೋಲುವುದೂ ಅಲ್ಲೇ. ಉಪ್ಪಳದಿಂದ ಮುಳ್ಳೇರಿಯದವರೆಗೆ ನೆಂಟರು, ಪರಿಚಯದವರು ನನಗೆ ಕಳಿಸುವ ಫೋಟೊಗಳೆಲ್ಲ ಒಂದೇ ತರ. ಟ್ರೇ ತುಂಬಾ ಕರಗಿದ ಬೆಣ್ಣೆ, ಅದರ ನಡುವೆ ಚಪ್ಪಟೆ ಬಿದ್ದ ಗಟ್ಟಿ ಮೈದಾ. ಕೆಳಗೆ ಒಂದು ಸಾಲು: "ಅಕ್ಕಾ, ಅಳತೆಯೆಲ್ಲ ಸರಿಯೇ ಹಾಕಿದ್ದೆ."

ಅಳತೆ ಸರಿಯೇ ಇರುತ್ತದೆ. ತಪ್ಪಿದ್ದು ಹೊತ್ತು. ಮಧ್ಯಾಹ್ನ ಊಟ ಮುಗಿಸಿ, ಪಾತ್ರೆ ತೊಳೆದು, ಎರಡು ಗಂಟೆಗೆ ಲಟ್ಟಣಿಗೆ ಹಿಡಿದಿರುತ್ತಾರೆ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯಲ್ಲಿ. ನಮ್ಮ ಅಡುಗೆಮನೆ ಏಪ್ರಿಲ್ ಮಧ್ಯಾಹ್ನ ಅಷ್ಟೇ ಇರುತ್ತದೆ. ಅಂದರೆ ಓವನ್ನಿಗೆ ಹೋಗುವ ಮೊದಲೇ ಬೆಣ್ಣೆಯ ಕತೆ ಮುಗಿದಿರುತ್ತದೆ.

ಹಾಗಾಗಿ ಈ ಬರಹದಲ್ಲಿ ಅಳತೆಗಿಂತ ಕ್ರಮದ ಮಾತು ಜಾಸ್ತಿ. ಮೊದಲ ಸಲ ಮಾಡುವವರು ಒಮ್ಮೆ ಕೊನೆಯವರೆಗೆ ಓದಿ, ಆಮೇಲೆ ಮೈದಾ ಡಬ್ಬ ತೆಗೆಯಿರಿ.

ಪದರ ಏಳುವುದು ಹೇಗೆ

ಇದರಲ್ಲಿ ಯೀಸ್ಟ್ ಇಲ್ಲ, ಸೋಡಾ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಮೈದಾದ ತೆಳು ಪದರ, ಬೆಣ್ಣೆಯ ತೆಳು ಪದರ, ಮತ್ತೆ ಮೈದಾ, ಮತ್ತೆ ಬೆಣ್ಣೆ. ಓವನ್ನಿನ ಬಿಸಿಗೆ ಹಿಟ್ಟಿನ ನೀರು, ಬೆಣ್ಣೆಯೊಳಗಿನ ನೀರು ಎರಡೂ ಆವಿಯಾಗುತ್ತವೆ. ಬೆಣ್ಣೆ ಜಿಡ್ಡಿನ ಗೋಡೆಯ ಹಾಗೆ ನಿಂತು ಪದರ ಪದರ ಅಂಟದಂತೆ ತಡೆಯುತ್ತದೆ. ಆವಿ ಒಂದೊಂದನ್ನೂ ಎತ್ತುತ್ತದೆ. ಲಟ್ಟಿಸುವಾಗಲೇ ಬೆಣ್ಣೆ ಕರಗಿ ಹಿಟ್ಟಿಗೆ ಇಳಿದರೆ ಗೋಡೆಯೇ ಇರುವುದಿಲ್ಲ. ಆಗ ಸಿಗುವುದು ದಪ್ಪ ಬಿಸ್ಕತ್ತು.

"ಬೇಕರಿಯವರು ಭಟ್ಟಿಯ ಪಕ್ಕದಲ್ಲೇ ನಿಂತು ಮಾಡುತ್ತಾರಲ್ಲ?" ಎಂದು ಕೇಳುವವರಿದ್ದಾರೆ. ಪಪ್ಸ್‌ಗೆ ಹೆಚ್ಚಿನ ಬೇಕರಿಗಳಲ್ಲಿ ಹಾಕುವುದು ಮಾರ್ಗರಿನ್. ಅದು ಬೆಣ್ಣೆಗಿಂತ ಜಾಸ್ತಿ ಬಿಸಿಗೆ ಕರಗುವ ಹಾಗೆ ತಯಾರಾದದ್ದು. ಸೆಖೆಯಲ್ಲೂ ಗಟ್ಟಿ ನಿಲ್ಲುತ್ತದೆ, ಆದರೆ ತಿಂದ ಮೇಲೆ ಅಂಗುಳಕ್ಕೆ ಮೇಣ ಹಚ್ಚಿದ ಹಾಗೆ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಬೆಣ್ಣೆಯಲ್ಲೇ ಮಾಡಬೇಕು ಎಂದು ಹಟ ಹಿಡಿದರೆ ಬೆಣ್ಣೆಯ ಗಡಿಯಾರ ನೋಡಿ ನಡೆಯಬೇಕು.

1. ದಿನ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳಿ

ಒಂದೇ ಕೂರಿಕೆಯಲ್ಲಿ ಮುಗಿಸುವ ಆಸೆ ಬೇಡ. ಮೂರು ಹೊತ್ತಿಗೆ ಹಂಚಿ.

ಮೊದಲ ದಿನ ಸಂಜೆ: ಹಿಟ್ಟು ಕಲಸಿ, ಬೆಣ್ಣೆಯ ಬಿಲ್ಲೆ ಮಾಡಿ, ಎರಡನ್ನೂ ಫ್ರಿಜ್ಜಿಗೆ ಇಡುವುದು. ಅರ್ಧ ಗಂಟೆ ಸಾಕು.

ಮರುದಿನ ಬೆಳಗ್ಗೆ ಐದಕ್ಕೆ: ನಾಲ್ಕು ಮಡಿಕೆ, ಅಂದರೆ ಬೆಣ್ಣೆ ಒಳಗಿಟ್ಟ ಹಿಟ್ಟನ್ನು ನಾಲ್ಕು ಸಲ ಲಟ್ಟಿಸಿ ಮಡಚುವುದು. ಏಳೂವರೆಯೊಳಗೆ ಕೆಲಸ ಮುಗಿದು ಹಿಟ್ಟು ಮತ್ತೆ ಫ್ರಿಜ್ಜಿನೊಳಗೆ ಇರಬೇಕು. ಬಿಸಿಲು ಏರಿ, ತಿಂಡಿಗೆಂದು ಒಲೆಗಳೆಲ್ಲ ಹೊತ್ತಿಕೊಂಡ ಮೇಲೆ ಅಡುಗೆಮನೆಯಲ್ಲಿ ಬೆಣ್ಣೆಗೆ ಜಾಗವಿಲ್ಲ.

ಅದೇ ದಿನ ರಾತ್ರಿ ಒಂಬತ್ತರ ಮೇಲೆ: ಕೊನೆಯ ಮಡಿಕೆ, ಸುತ್ತುವುದು, ಬೇಯಿಸುವುದು.

ಎಸಿ ಇರುವ ಕೋಣೆ ಮನೆಯಲ್ಲಿ ಉಂಟಾದರೆ ಸಂಕೋಚ ಬೇಡ, ಅಲ್ಲೇ ಮೇಜು ಹಾಕಿ. 22 ಡಿಗ್ರಿಗೆ ಇಟ್ಟು ಅರ್ಧ ಗಂಟೆ ಬಿಟ್ಟು ಒಳಗೆ ಹೋಗಿ. ಫ್ಯಾನ್ ಮಾತ್ರ ಬೇಡ. ಗಾಳಿಗೆ ಹಿಟ್ಟಿನ ಮೇಲ್ಮೈ ಒಣಗಿ, ಲಟ್ಟಿಸುವಾಗ ಸೀಳುತ್ತದೆ.

ಮಳೆಗಾಲದಲ್ಲಿ ಸೆಖೆ ಕಡಿಮೆ ಎಂದು ಜೂನ್, ಜುಲೈಯಲ್ಲಿ ಶುರು ಮಾಡುವವರು ಜಾಸ್ತಿ. ಲಟ್ಟಿಸಲು ಆ ಹವೆ ಒಳ್ಳೆಯದೇ. ಆದರೆ ಬೇರೆ ಎರಡು ಕಾಟ ಉಂಟು. ಫ್ರಿಜ್ಜಿನಿಂದ ಹೊರಗೆ ತೆಗೆದ ಹಿಟ್ಟು ಎರಡೇ ನಿಮಿಷದಲ್ಲಿ ಬೆವರುತ್ತದೆ. ಬೆಂದ ರೋಲು ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಜೊತೆಗೆ ಗಾಳಿ ಬೀಸಿದರೆ ಕರೆಂಟ್ ಹೋಗುತ್ತದೆ. ಓವನ್ನಿನಲ್ಲಿ ಟ್ರೇ ಇರುವಾಗ ಹೋದರೆ ಆ ಟ್ರೇಯನ್ನು ಮರೆತುಬಿಡಿ. ನನ್ನ ಲೆಕ್ಕದಲ್ಲಿ ಕಲಿಯುವುದಕ್ಕೆ ಡಿಸೆಂಬರ್, ಜನವರಿಯ ಮುಂಜಾನೆಯೇ ಸರಿ.

2. ಸಾಮಾನು, ಸಲಕರಣೆ

ಮೈದಾ 250 ಗ್ರಾಂ. ಹಿಟ್ಟಿಗೆ ಬೆಣ್ಣೆ 25 ಗ್ರಾಂ. ಬಿಲ್ಲೆಗೆ ಬೆಣ್ಣೆ 180 ಗ್ರಾಂ. ತಣ್ಣಗಿನ ನೀರು 125 ಮಿ.ಲೀ. ನಿಂಬೆರಸ ಅಥವಾ ವಿನೆಗರ್ ಒಂದು ಟೀ ಚಮಚ. ಉಪ್ಪು ಮುಕ್ಕಾಲು ಟೀ ಚಮಚ. ಇಷ್ಟರಲ್ಲಿ ಸುಮಾರು 20 ರೋಲ್ ಆಗುತ್ತದೆ. ಮೊದಲ ಸಲ ಅರ್ಧ ಹಿಟ್ಟನ್ನು ಬೇಯಿಸಿ, ಉಳಿದರ್ಧ ಫ್ರೀಜರಿಗೆ ಹಾಕಿ. ತಪ್ಪಿದರೆ ತಿದ್ದಿಕೊಳ್ಳಲು ಇನ್ನೊಂದು ಅವಕಾಶ ಇರುತ್ತದೆ, ಅಲ್ವಾ?

ಬೆಣ್ಣೆ ಪ್ಯಾಕೆಟ್ಟಿನದ್ದೇ ಆಗಲಿ. ಅದರಲ್ಲಿ ಕೊಬ್ಬು ನೂರಕ್ಕೆ 80 ಭಾಗ. ಉಪ್ಪಿಲ್ಲದ್ದು ಸಿಕ್ಕಿದರೆ ಒಳ್ಳೆಯದು. ಉಪ್ಪಿನ ಬೆಣ್ಣೆಯಾದರೆ ಹಿಟ್ಟಿಗೆ ಬೇರೆ ಉಪ್ಪು ಹಾಕಬೇಡಿ.

"ಮನೆಯಲ್ಲಿ ಕಡೆದ ಬೆಣ್ಣೆ ಆಗುವುದಿಲ್ಲವಾ?" ಹಟ್ಟಿಯಲ್ಲಿ ದನ ಇರುವವರೆಲ್ಲ ಇದನ್ನು ಕೇಳುತ್ತಾರೆ. ಆಗುವುದಿಲ್ಲ. ಎಷ್ಟು ಹಿಂಡಿದರೂ ಅದರಲ್ಲಿ ಮಜ್ಜಿಗೆಯ ನೀರು ಉಳಿದಿರುತ್ತದೆ. ಒಂದು ಕಡೆ ನೀರು, ಒಂದು ಕಡೆ ಗಟ್ಟಿ ಇದ್ದರೆ ಪದರ ಹರಿಯುತ್ತದೆ. ತುಪ್ಪವೂ ಬೇಡ. ಅದರಲ್ಲಿ ನೀರೇ ಇಲ್ಲ, ತಣಿದರೆ ಹರಳುಹರಳಾಗುತ್ತದೆ. ಮನೆಯ ಬೆಣ್ಣೆಯನ್ನು ದೋಸೆಗೆ ಇಡಿ.

ಸಲಕರಣೆಯಲ್ಲಿ ಬಿಡಲೇಬಾರದ್ದು ಮೂರು. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಉದ್ದದ ಅಳತೆಪಟ್ಟಿ, ಮತ್ತು ಓವನ್ ಒಳಗೆ ಇಡುವ ಥರ್ಮಾಮೀಟರ್. ಅಳತೆಪಟ್ಟಿ ಅಂದರೆ ಮಕ್ಕಳ ಶಾಲೆಯ ಸ್ಕೇಲೇ ಸಾಕು, ತೊಳೆದು ಒರೆಸಿ. ಓವನ್ ಥರ್ಮಾಮೀಟರ್ ಯಾಕೆ ಅಂದರೆ, ನನ್ನ ಓಟಿಜಿಯ (ಮೇಜಿನ ಮೇಲಿಡುವ ಕರೆಂಟಿನ ಓವನ್) ಗುಂಡಿಯನ್ನು 200ಕ್ಕೆ ತಿರುಗಿಸಿದರೆ ಒಳಗೆ ಇರುವುದು 170. ಇದು ಗೊತ್ತಾಗಲು ನನಗೆ ಎರಡು ವರ್ಷ, ಕೆಲವು ಕಿಲೋ ಬೆಣ್ಣೆ ಬೇಕಾಯಿತು.

ಉಳಿದದ್ದು ಲಟ್ಟಣಿಗೆ, ಬಟರ್ ಪೇಪರ್, ಕ್ಲಿಂಗ್ ಫಿಲ್ಮ್, ಒಣ ಬ್ರಷ್, ಹರಿತ ಚಾಕು. ಚಪಾತಿಯ ಸಣ್ಣ ಲಟ್ಟಣಿಗೆ ಸಾಲದು. ನಡು ಉಬ್ಬಿ ತುದಿ ಸಪೂರ ಇರುವಂಥದ್ದು ಬೇಡವೇ ಬೇಡ. ನೇರವಾಗಿ, ಉದ್ದವಾಗಿ ಇರಲಿ. ಕ್ರೀಮ್ ರೋಲಿನ ಸ್ಟೀಲ್ ಕೋನುಗಳು ಮಂಗಳೂರಿನಲ್ಲಿ ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಇಲ್ಲದಿದ್ದರೆ ಅಲ್ಯೂಮಿನಿಯಂ ಫಾಯಿಲನ್ನು ನಾಲ್ಕು ಪದರ ಮಾಡಿ ಕೋನಿನಂತೆ ಸುತ್ತಿ, ಒಳಗೆ ಮುದುಡಿದ ಫಾಯಿಲ್ ತುರುಕಿ. ಚಪ್ಪಟೆಯಾಗುವುದಿಲ್ಲ.

3. ಹಿಟ್ಟು ಕಲಸುವುದು

ಮೈದಾಕ್ಕೆ ಉಪ್ಪು ಸೇರಿಸಿ, 25 ಗ್ರಾಂ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ. ಫ್ರಿಜ್ಜಿನ ನೀರಿಗೆ ನಿಂಬೆರಸ ಹಾಕಿ, ಮುಕ್ಕಾಲು ಭಾಗ ಸುರಿದು ಕಲಸಿ. ಉಳಿದದ್ದನ್ನು ಚಮಚ ಚಮಚವಾಗಿ, ಬೇಕಾದರೆ ಮಾತ್ರ ಹಾಕಿ. ಮಳೆಗಾಲದಲ್ಲಿ ಮೈದಾವೇ ತೇವ ಎಳೆದುಕೊಂಡಿರುತ್ತದೆ. ಆಗ 10, 15 ಮಿ.ಲೀ. ನೀರು ಉಳಿಯುವುದುಂಟು.

ಇಲ್ಲಿ ಆಗುವ ತಪ್ಪು ಜಾಸ್ತಿ ನಾದುವುದು. ಚಪಾತಿಯ ಅಭ್ಯಾಸ ಕೈಯಲ್ಲಿ ಕೂತಿರುತ್ತದೆ, ಸುಮ್ನೆ ನಾದುತ್ತಾ ಹೋಗುತ್ತೇವೆ. ಬೇಡ. ಹಿಟ್ಟು ಒಂದಾಯಿತು ಅಂದರೆ ನಿಲ್ಲಿಸಿ. ಮೇಲ್ಮೈ ಸ್ವಲ್ಪ ಒರಟಾಗಿ ಕಂಡರೂ ಪರವಾಗಿಲ್ಲ. ಮುಂದೆ ಐದು ಸಲ ಲಟ್ಟಿಸುವಾಗ ತಾನಾಗಿ ನುಣುಪಾಗುತ್ತದೆ. ಈಗಲೇ ನಾದಿದರೆ ರಬ್ಬರಿನಂತಾಗಿ, ಲಟ್ಟಿಸಿದಷ್ಟೂ ಹಿಂದೆ ಓಡುತ್ತದೆ.

ಉಂಡೆ ಮಾಡಬೇಡಿ. ಚೌಕ ಆಕಾರಕ್ಕೆ ತಟ್ಟಿ, ಕ್ಲಿಂಗ್ ಫಿಲ್ಮಿನಲ್ಲಿ ಸುತ್ತಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡಿ.

4. ಬೆಣ್ಣೆಯ ಬಿಲ್ಲೆ

ಬಟರ್ ಪೇಪರನ್ನು 15 ಸೆಂ.ಮೀ. ಚೌಕದ ಲಕೋಟೆಯ ಹಾಗೆ ಮಡಚಿ. ಒಳಗೆ ಬೆಣ್ಣೆಯ ತುಂಡುಗಳನ್ನು ಇಟ್ಟು, ಮೇಲಿನಿಂದ ಲಟ್ಟಣಿಗೆಯಲ್ಲಿ ಕುಟ್ಟಿ, ಉರುಳಿಸಿ. ನಾಲ್ಕು ಮೂಲೆಗೂ ಒಂದೇ ದಪ್ಪದಲ್ಲಿ ಹೋಗಬೇಕು. ಒಂಬತ್ತು ಮಿ.ಮೀ. ಹತ್ತಿರ ಬರುತ್ತದೆ. ಇದೂ ಫ್ರಿಜ್ಜಿಗೆ. ಫ್ರೀಜರಿಗೆ ಅಲ್ಲ.

5. ಬೆಣ್ಣೆಯನ್ನು ಒಳಗೆ ಕೂರಿಸುವುದು

ಇಡೀ ಕೆಲಸದ ಗಂಟು ಇರುವುದು ಇಲ್ಲಿ. ಹಿಟ್ಟು ಮತ್ತು ಬೆಣ್ಣೆ ಎರಡೂ ಒಂದೇ ಗಟ್ಟಿ ಇರಬೇಕು. ಬೆಣ್ಣೆ ತೀರಾ ಗಟ್ಟಿಯಾದರೆ ಒಳಗೇ ಚೂರಾಗುತ್ತದೆ. ಮೆತ್ತಗಾದರೆ ಬದಿಯಿಂದ ಹೊರಗೆ ಬರುತ್ತದೆ. ಲಟ್ಟಿಸಲು ಬೆಣ್ಣೆ ಚೆನ್ನಾಗಿ ಬಗ್ಗುವುದು ಸುಮಾರು 13ರಿಂದ 18 ಡಿಗ್ರಿಯ ನಡುವೆ. ಫ್ರಿಜ್ಜಿನೊಳಗೆ ಇರುವುದು ನಾಲ್ಕೈದು. ಹೊರಗೆ ಮುಂಜಾನೆಯೂ ಇಪ್ಪತ್ತರ ಮೇಲೆ, ಬೇಸಿಗೆಯಲ್ಲಿ 25ರ ಆಸುಪಾಸು. ಅಂದರೆ ನಮಗೆ ಸಿಗುವುದು ಒಂದು ಸಣ್ಣ ಕಿಂಡಿ.

ಬಿಲ್ಲೆಯನ್ನು ಹೊರಗೆ ತೆಗೆದು ಎಂಟು ನಿಮಿಷ ಬಿಡಿ. ಮತ್ತೆ ಕಾಗದದ ಸಮೇತ ಮೇಜಿನ ಅಂಚಿಗೆ ಇಟ್ಟು ಮೆಲ್ಲಗೆ ಬಗ್ಗಿಸಿ. ಬಿರುಕು ಬಿಟ್ಟರೆ ಇನ್ನೆರಡು ನಿಮಿಷ ಬೇಕು. ಬೆಲ್ಟಿನ ಹಾಗೆ ಬಗ್ಗಿ, ಬೆರಳು ಒತ್ತಿದರೆ ಸಣ್ಣ ಗುಳಿ ಮಾತ್ರ ಬಿದ್ದರೆ ಸರಿ. ಬೆರಳು ಒಳಗೇ ಹೋಗಿ ಹೊಳೆಯುತ್ತಿದ್ದರೆ ಜಾಸ್ತಿಯಾಯಿತು, ಪುನಃ ಫ್ರಿಜ್ಜಿಗೆ. ಗಡಿಯಾರಕ್ಕಿಂತ ಈ ಪರೀಕ್ಷೆಯನ್ನೇ ನಂಬಿ. "ಇಪ್ಪತ್ತು ನಿಮಿಷ ಹೊರಗೆ ಇಡಿ" ಎಂದು ಎಲ್ಲೋ ಚಳಿ ಊರಿನವರು ಬರೆದದ್ದನ್ನು ಕಾಸರಗೋಡಿನಲ್ಲಿ ಪಾಲಿಸಿದರೆ ಬ್ರೆಡ್ಡಿಗೆ ಹಚ್ಚಿಕೊಳ್ಳಬಹುದು.

ಅಷ್ಟರಲ್ಲಿ ಮೇಜು ತಣಿಸಿ. ಗ್ರಾನೈಟ್ ಕಟ್ಟೆಯಾದರೆ ದೊಡ್ಡ ತಟ್ಟೆಯಲ್ಲಿ ಐಸ್ ನೀರು ತುಂಬಿ ಅದರ ಮೇಲೆ ಹತ್ತು ನಿಮಿಷ ಇಡಿ. ತೆಗೆದ ಮೇಲೆ ಒಂದು ಹನಿಯೂ ಉಳಿಯದ ಹಾಗೆ ಒರೆಸಿ.

ಹಿಟ್ಟನ್ನು 22 ಸೆಂ.ಮೀ. ಚೌಕಕ್ಕೆ ಲಟ್ಟಿಸಿ. ಬಿಲ್ಲೆಯನ್ನು ಓರೆಯಾಗಿ ಇಡಿ, ಅಂದರೆ ಬಿಲ್ಲೆಯ ಮೂಲೆ ಹಿಟ್ಟಿನ ಬದಿಯ ನಡುವಿಗೆ ಬರಬೇಕು. ಹಿಟ್ಟಿನ ನಾಲ್ಕು ಮೂಲೆಗಳನ್ನು ಒಳಗೆ ಮಡಚಿ ಲಕೋಟೆಯಂತೆ ಮುಚ್ಚಿ. ಜೋಡಿಸಿದ ಗೆರೆಗಳನ್ನು ಚಿವುಟಿ ಭದ್ರ ಮಾಡಿ. ಬೆಣ್ಣೆ ಎಲ್ಲೂ ಇಣುಕಬಾರದು.

6. ಲಟ್ಟಿಸುವುದು, ಮಡಚುವುದು

ಮೊದಲು ಉರುಳಿಸಬೇಡಿ, ಒತ್ತಿ. ಲಟ್ಟಣಿಗೆಯನ್ನು ಅಡ್ಡ ಇಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಗಲಕ್ಕೆ ಒಂದರಂತೆ ಒತ್ತುತ್ತಾ ಬನ್ನಿ. ಬೆಣ್ಣೆ ಹಿಟ್ಟಿನ ಜೊತೆ ಸಮನಾಗಿ ಹರಡುತ್ತದೆ. ಆಮೇಲೆ ಉದ್ದಕ್ಕೆ ಮಾತ್ರ ಉರುಳಿಸಿ. 45 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ ಬರಲಿ. ತುದಿಯಿಂದ ಲಟ್ಟಣಿಗೆ ಕೆಳಗೆ ಜಾರಬಾರದು, ಜಾರಿದರೆ ಅಲ್ಲಿ ಬೆಣ್ಣೆ ಹಿಂಡಿ ಹೊರಗೆ ಬರುತ್ತದೆ.

ಮೇಲಿನ ಒಣ ಮೈದಾವನ್ನು ಬ್ರಷ್‌ನಲ್ಲಿ ಗುಡಿಸಿ. ಇದನ್ನು ಬಿಟ್ಟುಬಿಡುವವರು ತುಂಬಾ. ಒಳಗೆ ಉಳಿದ ಹಿಟ್ಟಿನ ಪುಡಿ ಬೆಂದ ಮೇಲೆ ಬಾಯಿಗೆ ಹಸಿಹಸಿ ಸಿಗುತ್ತದೆ. ಆಮೇಲೆ ಕಾಗದ ಮಡಚಿದಂತೆ ಮೂರು ಪದರ ಬರುವ ಹಾಗೆ ಮಡಚಿ. ಇದು ಒಂದು ಮಡಿಕೆ. ತಿರುಗಿಸಿ, ಮಡಚಿದ ಅಂಚು ಎಡಗೈಗೆ ಬರುವ ಹಾಗೆ ಇಟ್ಟು ಪುನಃ 45 ಸೆಂ.ಮೀ.ಗೆ ಲಟ್ಟಿಸಿ, ಮಡಚಿ. ಎರಡಾಯಿತು. ಬೆರಳಲ್ಲಿ ಎರಡು ಗುಳಿ ಒತ್ತಿ. ಎಷ್ಟು ಮಡಿಕೆ ಆಯಿತೆಂದು ಆಮೇಲೆ ಖಂಡಿತ ಮರೆತುಹೋಗುತ್ತದೆ. ಸುತ್ತಿ ಫ್ರಿಜ್ಜಿಗೆ, 45 ನಿಮಿಷ.

ಮತ್ತೆ ತೆಗೆದು ಮೂರನೆಯದು, ನಾಲ್ಕನೆಯದು. ನಾಲ್ಕು ಗುಳಿ. ಫ್ರಿಜ್ಜಿಗೆ, ರಾತ್ರಿಯವರೆಗೆ.

ಐದನೆಯ ಮಡಿಕೆ ರಾತ್ರಿ. ಮೂರನ್ನು ಐದು ಸಲ ಗುಣಿಸಿದರೆ 243 ಬೆಣ್ಣೆಯ ಪದರ. ಆರು ಮಡಿಕೆ ಮಾಡಿ 729 ಪದರ ಮಾಡುವ ಕ್ರಮವೂ ಉಂಟು. ನಮ್ಮ ಹವೆಗೆ ಅದು ಬೇಡ ಎನ್ನುವುದು ನನ್ನ ಅನುಭವ. ಆರನೆಯದು ಮಾಡುವ ಹೊತ್ತಿಗೆ ಬೆಣ್ಣೆಯ ಪದರ ತೀರಾ ತೆಳುವಾಗಿ, ಸ್ವಲ್ಪ ಬಿಸಿ ತಾಗಿದರೂ ಒಂದಕ್ಕೊಂದು ಸೇರಿಬಿಡುತ್ತದೆ.

ನಾನು ಮೊದಲು ಇದನ್ನು ಮಾಡಿದ್ದು ಒಂದು ವಿಷುವಿನ ಹಿಂದಿನ ದಿನ. ಮಧ್ಯಾಹ್ನ ಎರಡೂವರೆ. ಮೊದಲ ಮಡಿಕೆ ಚೆಂದ ಬಂತು. ಅದೇ ಉಮೇದಿನಲ್ಲಿ ಫ್ರಿಜ್ಜಿಗೆ ಇಡದೆ ಎರಡು, ಮೂರು ಎಂದು ಮುಂದುವರಿಸಿದೆ. ಮೂರನೆಯದರಲ್ಲಿ ಹಿಟ್ಟು ಕೈಗೆ ತಣ್ಣಗೆ ತಾಗುವುದು ನಿಂತಿತು. ಮೇಲೆ ಒಂದು ಹಳದಿ ಹೊಳಪು ಬಂತು. ನಾನು ಅದಕ್ಕೆ ಮೈದಾ ಉದುರಿಸಿದೆ. ಇನ್ನಷ್ಟು ಉದುರಿಸಿದೆ. ಬಲಮೂಲೆಯಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು, ಅಲ್ಲಿಂದ ಬೆಣ್ಣೆ ಗೆರೆಯಾಗಿ ಹರಿದು ಕಟ್ಟೆಯ ಅಂಚಿಗೆ ಬಂತು. ತೆಂಗಿನಕಾಯಿ ತುರಿಯುತ್ತಿದ್ದ ಚಿಕ್ಕಮ್ಮ ತಲೆ ಎತ್ತಿ, "ಇದೆಂತ ಮಾರಾಯ್ತಿ, ಹಬ್ಬಕ್ಕೆ ನೆಲಕ್ಕೂ ಬೆಣ್ಣೆ ಬಳಿಯುವುದಾ?" ಎಂದರು. ಬೆಕ್ಕು ಆಗಲೇ ಬಂದಾಗಿತ್ತು.

ಆ ಹೊಳಪು ಕಂಡ ಕೂಡಲೇ ನಿಲ್ಲಿಸಬೇಕಿತ್ತು. ಹಿಟ್ಟು ಯಾವಾಗಲೂ ಮೊದಲೇ ಹೇಳುತ್ತದೆ. ಈ ಗುರುತುಗಳನ್ನು ನೋಡಿಕೊಳ್ಳಿ.

ಮೇಲ್ಮೈ ಹೊಳೆಯುತ್ತಿದೆ, ಲಟ್ಟಣಿಗೆಗೆ ಜಿಡ್ಡು ಹತ್ತುತ್ತಿದೆ: ಬೆಣ್ಣೆ ಬಿಸಿಯಾಗಿದೆ. ಅರ್ಧದಲ್ಲಿದ್ದರೂ ನಿಲ್ಲಿಸಿ. ಹಾಗೇ ಟ್ರೇಗೆ ಎತ್ತಿ 20 ನಿಮಿಷ ಫ್ರಿಜ್ಜಿಗೆ ಇಡಿ. ಮೈದಾ ಉದುರಿಸಿ ಮುಚ್ಚಬೇಡಿ.

ಒಳಗೆ ಹಳದಿ ಚೂರುಗಳು ಕಾಣುತ್ತಿವೆ, ಬಿರುಕು ಬಿಟ್ಟ ಗದ್ದೆಯಂತೆ: ಬೆಣ್ಣೆ ತೀರಾ ತಣ್ಣಗಿತ್ತು. ಐದು ನಿಮಿಷ ಹೊರಗೆ ಬಿಟ್ಟು, ಒತ್ತುತ್ತಾ ಮುಂದುವರಿಸಿ. ಮೊದಲ ಮಡಿಕೆಯಲ್ಲಿ ಹೀಗಾದರೆ ಅದೇ ಪದರದಲ್ಲಿ ಸ್ವಲ್ಪ ಕೊರತೆ ಉಳಿಯುತ್ತದೆ, ಆದರೂ ತಿನ್ನುವ ಹಾಗೆ ಆಗುತ್ತದೆ.

ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆಯುತ್ತಿದೆ: ಹಿಟ್ಟಿಗೆ ಸುಸ್ತಾಗಿದೆ. ಬಲ ಹಾಕಬೇಡಿ, ಪದರ ಹರಿಯುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿ ವಿಶ್ರಾಂತಿ.

ಮೇಲೆ ನೀರಿನ ಹನಿ ಕೂತಿದೆ: ಮಳೆಗಾಲದ ಬೆವರು. ಒಣ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಚೂರು ಮೈದಾ ಉದುರಿಸಿ ಬೇಗ ಮುಗಿಸಿ. ಕ್ಲಿಂಗ್ ಫಿಲ್ಮನ್ನು ಲಟ್ಟಿಸಲು ಪೂರ್ತಿ ತಯಾರಾದ ಮೇಲೆಯೇ ಬಿಚ್ಚಿದರೆ ಬೆವರು ಫಿಲ್ಮಿನ ಮೇಲೆ ಕೂರುತ್ತದೆ, ಹಿಟ್ಟಿನ ಮೇಲಲ್ಲ.

ಒಂದು ಕಡೆ ಗುಳ್ಳೆ: ಸೂಜಿಯಿಂದ ಚುಚ್ಚಿ ಗಾಳಿ ಬಿಡಿ. ಬೆಣ್ಣೆ ಹೊರಬಂದ ಜಾಗಕ್ಕೆ ಮಾತ್ರ ಮೈದಾ ಒತ್ತಿ.

7. ಕತ್ತರಿಸಿ ಸುತ್ತುವುದು

ಐದನೆಯ ಮಡಿಕೆ ಆದ ಮೇಲೆ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಹಿಟ್ಟನ್ನು ಎರಡು ಭಾಗ ಮಾಡಿ. ಒಂದನ್ನು ಕ್ಲಿಂಗ್ ಫಿಲ್ಮಿನಲ್ಲಿ ಸುತ್ತಿ ಫ್ರೀಜರಿಗೆ ಹಾಕಿ, ಒಂದು ತಿಂಗಳು ಇರುತ್ತದೆ. ಬೇಕಾದಾಗ ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿ ಕರಗಿಸಬೇಕು, ಹೊರಗಿಟ್ಟಲ್ಲ.

ಇನ್ನೊಂದನ್ನು 40 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲಕ್ಕೆ ಲಟ್ಟಿಸಿ. ದಪ್ಪ ಸುಮಾರು ಮೂರು ಮಿ.ಮೀ. ಟ್ರೇಯಲ್ಲಿ ಹಾಗೇ ಹದಿನೈದು ನಿಮಿಷ ತಣಿಸಿ, ಆಮೇಲೆ ಎರಡು ಸೆಂ.ಮೀ. ಅಗಲದ ಹತ್ತು ಪಟ್ಟಿ ಕತ್ತರಿಸಿ. ಚಾಕುವನ್ನು ಎಳೆಯಬೇಡಿ, ಮೇಲಿನಿಂದ ನೇರ ಒತ್ತಿ. ಎಳೆದರೆ ಪದರಗಳ ಅಂಚು ಒಂದಕ್ಕೊಂದು ಮೆತ್ತಿ ಮುಚ್ಚಿಹೋಗುತ್ತದೆ. ಮೆತ್ತಿದ ಅಂಚು ಏಳುವುದಿಲ್ಲ.

ಕೋನಿಗೆ ತೆಳುವಾಗಿ ಬೆಣ್ಣೆ ಸವರಿ. ಚೂಪು ತುದಿಯಿಂದ ಶುರು ಮಾಡಿ, ಪ್ರತಿ ಸುತ್ತೂ ಹಿಂದಿನದರ ಮೇಲೆ ಮೂರನೇ ಒಂದು ಭಾಗ ಕೂರುವ ಹಾಗೆ ಸುತ್ತಿ. ಬಿಗಿಯಾಗಿ ಎಳೆದು ಸುತ್ತಿದರೆ ಬೇಯುವಾಗ ಹರಿಯುತ್ತದೆ. ಅಗಲದ ಬಾಯಿಯ ಕಡೆ ಒಂದು ಸೆಂ.ಮೀ. ಸ್ಟೀಲ್ ಖಾಲಿ ಬಿಡಿ. ಮೇಲೆ ಹತ್ತಿಬಿಟ್ಟರೆ ಆಮೇಲೆ ಕೋನು ಹೊರಗೆ ಬರುವುದಿಲ್ಲ. ಕೊನೆಯ ತುದಿಯನ್ನು ಒಂದು ಹನಿ ನೀರಿನಿಂದ ಅಂಟಿಸಿ, ಆ ಬದಿ ಕೆಳಗೆ ಬರುವಂತೆ ಟ್ರೇಯಲ್ಲಿ ಜೋಡಿಸಿ. ಪುನಃ 20 ನಿಮಿಷ ಫ್ರಿಜ್ಜಿಗೆ.

ಓವನ್ ಹೊತ್ತಿಸಬೇಕಾದದ್ದು ಈಗ. ರೋಲುಗಳು ತಣಿಯುವಷ್ಟು ಹೊತ್ತು ಅದು ಕಾಯಲಿ.

8. ಬೇಯಿಸುವುದು

ಮೇಲೆ, ಕೆಳಗೆ ಎರಡೂ ರಾಡ್ ಹಾಕಿ, ಥರ್ಮಾಮೀಟರ್ 210 ತೋರಿಸುವವರೆಗೆ ಕಾಯಿರಿ. ರೋಲಿನ ಮೇಲೆ ಮೊಟ್ಟೆ ಅಥವಾ ಹಾಲು ತೆಳುವಾಗಿ ಸವರಿ. ಮೊಟ್ಟೆ ಹತ್ತದ ಮನೆಗಳು ನಮ್ಮಲ್ಲಿ ಎಷ್ಟೋ ಉಂಟು. ಹಾಲಾದರೆ ಬಣ್ಣ ಸ್ವಲ್ಪ ಮಂದ, ಅಷ್ಟೇ. ಕತ್ತರಿಸಿದ ಅಂಚಿಗೆ ಮಾತ್ರ ಯಾವುದೂ ಇಳಿಯಬಾರದು, ಗೋಂದಿನಂತೆ ಪದರ ಮುಚ್ಚುತ್ತದೆ. ಮೇಲ್ಭಾಗಕ್ಕೆ ಸಕ್ಕರೆ ಉದುರಿಸಿ.

ಮಧ್ಯದ ತಟ್ಟಿನಲ್ಲಿ 200 ಡಿಗ್ರಿಗೆ 15 ನಿಮಿಷ. ಆಮೇಲೆ 180ಕ್ಕೆ ಇಳಿಸಿ ಇನ್ನೂ 10ರಿಂದ 15 ನಿಮಿಷ. ಮೊದಲ ಹದಿನೈದು ನಿಮಿಷ ಬಾಗಿಲು ತೆಗೆಯಬೇಡಿ. ಪದರ ಏಳುವುದೂ ನಿಲ್ಲುವುದೂ ಆಗಲೇ.

ಹೊನ್ನಿನ ಬಣ್ಣ ಬಂತೆಂದು ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಹೊನ್ನು ಸಾಲದು. ಒಣಗಿದ ಅಡಿಕೆ ಸಿಪ್ಪೆಯ ಕಂದು ಬರಬೇಕು. ಮೇಲೆ ಬಣ್ಣ ಬಂದರೂ ಒಳಗಿನ ಸುತ್ತು ಹಸಿ ಇರುತ್ತದೆ, ಹೊರಗೆ ತೆಗೆದ ಐದು ನಿಮಿಷಕ್ಕೆ ಕುಸಿಯುತ್ತದೆ. ಬಣ್ಣ ಬೇಗ ಏರಿದರೆ ಮೇಲೆ ಫಾಯಿಲ್ ಮುಚ್ಚಿ, ಹೊತ್ತು ಕಡಿಮೆ ಮಾಡಬೇಡಿ.

ಟ್ರೇಯಲ್ಲಿ ಒಂದೆರಡು ಚಮಚ ಬೆಣ್ಣೆ ಕಂಡರೆ ಹೆದರಬೇಕಾಗಿಲ್ಲ. ಕೆರೆಯಾದರೆ ಕಾರಣ ಎರಡರಲ್ಲಿ ಒಂದು. ಓವನ್ ಕಾದಿರಲಿಲ್ಲ, ಇಲ್ಲವೇ ರೋಲು ತಣ್ಣಗಿರಲಿಲ್ಲ.

ಕುಕ್ಕರಿನಲ್ಲಿ ಆಗುತ್ತದಾ ಎಂದರೆ ಕೇಕ್ ಆಗುತ್ತದೆ, ಇದು ಆಗುವುದಿಲ್ಲ. ಮೇಲಿನ ಬಿಸಿ ಸಾಲದೆ ಬಿಳಿಚಿ ಕೂರುತ್ತದೆ.

ತೆಗೆದು ಎರಡು ಮೂರು ನಿಮಿಷದಲ್ಲೇ, ಬಟ್ಟೆ ಹಿಡಿದು, ಕೋನನ್ನು ಸ್ವಲ್ಪ ತಿರುಚಿ ಎಳೆಯಿರಿ. ಪೂರ್ತಿ ತಣಿದರೆ ಸಕ್ಕರೆ ಅಂಟಿ ಹಿಡಿದುಕೊಳ್ಳುತ್ತದೆ. ಖಾಲಿ ರೋಲುಗಳನ್ನು ಆರಿಸಿದ, ಇನ್ನೂ ಬಿಸಿ ಇರುವ ಓವನ್ನಿಗೆ, ಬಾಗಿಲು ಅರೆತೆರೆದು, ಹತ್ತು ನಿಮಿಷ ಮತ್ತೆ ಇಟ್ಟರೆ ಒಳಗೂ ಒಣಗುತ್ತದೆ.

9. ಒಳಗಿನ ಕ್ರೀಮ್

ಇಲ್ಲಿ ಬಹಳ ಜನ ಪೆಟ್ಟಿಗೆಯ ಫ್ರೆಶ್ ಕ್ರೀಮ್ ತಂದು ಗಂಟೆಗಟ್ಟಲೆ ಬೀಟ್ ಮಾಡಿ ಸೋಲುತ್ತಾರೆ. ಅದರಲ್ಲಿ ಕೊಬ್ಬು ನೂರಕ್ಕೆ 25 ಭಾಗದ ಹತ್ತಿರ. ನಿಲ್ಲುವ ಹಾಗೆ ಉಬ್ಬಲು 30ರ ಮೇಲೆ ಬೇಕು. ಎಷ್ಟು ಬೀಟ್ ಮಾಡಿದರೂ ಗಟ್ಟಿಯಾಗಿ ನಿಲ್ಲದು, ನಿಮ್ಮ ಕೈ ಸೋಲುತ್ತದೆ. ವಿಪ್ಪಿಂಗ್ ಕ್ರೀಮ್ ತಂದರೂ ನಮ್ಮ ಸೆಖೆಗೆ ಮೇಜಿನ ಮೇಲೆ ಬೇಗ ಇಳಿದುಬಿಡುತ್ತದೆ. ನಾನು ಬೇಯಿಸಿದ ಕಸ್ಟರ್ಡ್ ಕ್ರೀಮನ್ನೇ ಹಿಡಿದಿದ್ದೇನೆ.

ಹತ್ತು ರೋಲಿಗೆ ಹಾಲು 250 ಮಿ.ಲೀ., ಸಕ್ಕರೆ 50 ಗ್ರಾಂ, ಕಾರ್ನ್‌ಫ್ಲೋರ್ 20 ಗ್ರಾಂ, ಮೊಟ್ಟೆಯ ಹಳದಿ ಎರಡು, ಬೆಣ್ಣೆ ಒಂದು ದೊಡ್ಡ ಚಮಚ. ಮೊಟ್ಟೆ ಬೇಡವಾದರೆ ಕಾರ್ನ್‌ಫ್ಲೋರ್ 30 ಗ್ರಾಂ ಮಾಡಿ. ಹಳದಿ, ಸಕ್ಕರೆ, ಕಾರ್ನ್‌ಫ್ಲೋರ್ ಕಲಸಿ, ಬಿಸಿ ಹಾಲನ್ನು ಸ್ವಲ್ಪಸ್ವಲ್ಪವಾಗಿ ಸುರಿದು ಕದಡಿ. ಪುನಃ ಒಲೆಗೆ ಇಟ್ಟು ಕೈ ಬಿಡದೆ ತಿರುಗಿಸಿ.

ದಪ್ಪವಾಯಿತೆಂದು ಕೂಡಲೇ ಇಳಿಸಬೇಡಿ. ಗುಳುಗುಳು ಕುದಿ ಬಂದ ಮೇಲೆ ಒಂದೂವರೆ ನಿಮಿಷ ಕುದಿಸಲೇಬೇಕು. ಮೊಟ್ಟೆಯ ಹಳದಿಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇರುತ್ತದೆ. ಕುದಿದರೆ ಮಾತ್ರ ಅದು ಸಾಯುವುದು. ಇಲ್ಲದಿದ್ದರೆ ರಾತ್ರಿ ಗಟ್ಟಿ ಇದ್ದ ಕ್ರೀಮ್ ಬೆಳಗ್ಗೆ ಫ್ರಿಜ್ಜಿನಲ್ಲಿ ಗಂಜಿಯಾಗಿರುತ್ತದೆ.

ಇಳಿಸಿ ಬೆಣ್ಣೆ ಸೇರಿಸಿ. ಕ್ಲಿಂಗ್ ಫಿಲ್ಮನ್ನು ಪಾತ್ರೆಯ ಬಾಯಿಗಲ್ಲ, ಕ್ರೀಮಿನ ಮೈಗೇ ತಾಗಿಸಿ ಮುಚ್ಚಿ. ಕೆನೆ ಕಟ್ಟುವುದಿಲ್ಲ. ತಣಿದು ಗಟ್ಟಿಯಾದ ಮೇಲೆ ತಂತಿಯ ಕಡೆಗೋಲಿನಿಂದ (ವಿಸ್ಕ್) ಕಡೆದು ನಯ ಮಾಡಿ.

ಮನೆಯಲ್ಲಿ ಹಲಸಿನ ಹಣ್ಣಿನ ಪೆರಟಿ (ಬೆಲ್ಲ ಹಾಕಿ ಕಾಯಿಸಿ ಗಟ್ಟಿ ಮಾಡಿದ ಹಣ್ಣು) ಇದ್ದರೆ ಎರಡು ಚಮಚ ಇದಕ್ಕೆ ಕಲಸಿ, ಸಕ್ಕರೆ 30 ಗ್ರಾಂಗೆ ಇಳಿಸಿ. ಬೆಲ್ಲದ ಹದ, ಸುಟ್ಟ ಬೆಣ್ಣೆಯ ಪರಿಮಳ, ಎರಡೂ ಒಟ್ಟಿಗೆ ಬರುತ್ತದೆ. ವೆನಿಲ್ಲಾ ಹಾಕಬೇಡಿ, ಪೆರಟಿಯ ಜೊತೆ ಅದು ಜಗಳ ಮಾಡುತ್ತದೆ. ಒಂದು ಏಲಕ್ಕಿ ಸಾಕು.

10. ತುಂಬಿಸುವುದು, ಇಡುವುದು

ತಿನ್ನುವ ಹತ್ತು ನಿಮಿಷ ಮೊದಲು ತುಂಬಿಸಿ, ಅದಕ್ಕಿಂತ ಮುಂಚೆ ಬೇಡ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದ ಹಾಗೆ ಗಟ್ಟಿ ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿಕೊಂಡು, ಚೂಪು ತುದಿಯವರೆಗೂ ಕ್ರೀಮ್ ಹೋಗುವಂತೆ ಒಳಗಿನಿಂದ ಹಿಂಡುತ್ತಾ ಬನ್ನಿ. ತುಂಬಿಸಿದ್ದನ್ನು ಹೊರಗೆ ಒಂದು ಗಂಟೆಗಿಂತ ಜಾಸ್ತಿ ಇಡಬಾರದು. ಹಾಲು, ಮೊಟ್ಟೆ ಇರುವಂಥದ್ದು, ನಮ್ಮ ಸೆಖೆ ಬೇರೆ.

ಖಾಲಿ ರೋಲುಗಳು ಪೂರ್ತಿ ತಣಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಎರಡು ದಿನ ಇರುತ್ತವೆ. ಮೆತ್ತಗಾದರೆ 160 ಡಿಗ್ರಿಯಲ್ಲಿ ಐದಾರು ನಿಮಿಷ ಬಿಸಿ ಮಾಡಿ, ತಣಿಸಿ, ಆಮೇಲೆ ತುಂಬಿಸಿ. ಬಿಸಿ ರೋಲಿಗೆ ಕ್ರೀಮ್ ಹಾಕಿದರೆ ನೀರಾಗುತ್ತದೆ.

ಉಳಿದ ತುಂಡುಗಳು

ಕತ್ತರಿಸಿದ ಅಂಚುಗಳನ್ನು ಚಪಾತಿ ಹಿಟ್ಟಿನಂತೆ ಮುದ್ದೆ ಮಾಡಿದರೆ ಇಷ್ಟು ಹೊತ್ತು ಮಾಡಿದ ಪದರವೆಲ್ಲ ಹೋಯಿತು. ಒಂದರ ಮೇಲೊಂದು ಚಪ್ಪಟೆಯಾಗಿ ಜೋಡಿಸಿ, ಒತ್ತಿ, ತಣಿಸಿ, ಸಕ್ಕರೆ ಹರಡಿದ ಕಟ್ಟೆಯ ಮೇಲೆ ಲಟ್ಟಿಸಿ. ಎರಡು ಬದಿಯಿಂದಲೂ ನಡುವಿಗೆ ಸುರುಳಿ ಸುತ್ತಿ, ಬೆರಳು ದಪ್ಪಕ್ಕೆ ಕತ್ತರಿಸಿ, 200 ಡಿಗ್ರಿಯಲ್ಲಿ ಬೇಯಿಸಿ. ಎಂಟು ನಿಮಿಷ ಆದ ಮೇಲೆ ಒಮ್ಮೆ ಮಗುಚಿ ಹಾಕಿ, ಕೆಳಗಿನ ಸಕ್ಕರೆ ಬೇಗ ಕಪ್ಪಾಗುತ್ತದೆ. ಹೃದಯದ ಆಕಾರದ ಗರಿಗರಿ ಬಿಸ್ಕತ್ತು. ನಮ್ಮ ಮನೆಯಲ್ಲಿ ರೋಲು ತಣಿಯುವ ಮೊದಲೇ ಇದು ಖಾಲಿ.